ಕಂಬಳಿ ವ್ಯಾಪಾರಿಯನ್ನು ಹುಡುಕಿದವರು

ಹೋದ ತಿಂಗಳು ಬಸವನ ಬಾಗೇವಾಡಿಯಿಂದ ಅವರ ಮಗಳು ಫೋನು ಮಾಡಿದಳು. "ಅಪ್ಪಾರು ಹೋದ್ರು ರೀ. ಪೇಪರಿನಾಗ ನಾಕ ಸಾಲು ಹಾಕ್ರಿ" ಅಂದಳು. ನಾನು ಸಿಂದಗಿಯಿಂದ ವಿಜಯಪುರದ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುವವನು. ಇಂಥ ನಾಲ್ಕು ಸಾಲು ಬರೆಯುವುದು ನನಗೆ ವಾರದಲ್ಲಿ ಎರಡು ಸಲದ ಕೆಲಸ. ನಿವೃತ್ತ ಭೂಮಾಪಕರು, ಬಾಗೇವಾಡಿ ಕಡೆಯವರು, ಪತ್ನಿ ಹಾಗೂ ಒಬ್ಬ ಮಗಳನ್ನು ಅಗಲಿದ್ದಾರೆ, ಅಂತ್ಯಕ್ರಿಯೆ ಸ್ವಗ್ರಾಮದಲ್ಲಿ. ಮರುದಿನ ಅಚ್ಚಾಗಿದ್ದನ್ನು ಓದಿದೆ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವರೂ ಇರಲಿಲ್ಲ.

ಸಿಂದಗಿಯಲ್ಲಿ ಅವರನ್ನು ಎಲ್ಲರೂ ಮೋಜಣಿ ಸರ್ ಎನ್ನುತ್ತಿದ್ದರು. ಮೂವತ್ತು ಚಿಲ್ಲರೆ ವರ್ಷ ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲೂಕುಗಳ ಹೊಲಗಳ ಮೋಜಣಿ, ಅಂದರೆ ಅಳತೆ, ಮಾಡಿದವರು. ನಿವೃತ್ತರಾದ ಮೇಲೂ ಅಳೆಯುವ ಚಟ ಬಿಡಲಿಲ್ಲ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗೆ ಬಂದರೆ ಕೂಡುವ ಮೊದಲು ಬಾಗಿಲಿನಿಂದ ಬೆಂಚಿನವರೆಗೆ ಹೆಜ್ಜೆ ಎಣಿಸುತ್ತಿದ್ದರು. ಏನಾದರೂ ಕೇಳಿದರೆ ಮೊದಲು ಚಸ್ಮಾ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ನಮ್ಮ ಮುಖ ನೋಡಿ, ಬಹಳ ಸಮಾಧಾನದಿಂದ "ಗೊತ್ತಿಲ್ಲ" ಅನ್ನುತ್ತಿದ್ದರು. ಗೊತ್ತಿಲ್ಲ ಅನ್ನುವುದನ್ನು ಅಷ್ಟು ಸಂತೋಷದಿಂದ ಹೇಳುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆದರೆ ಇದು ಕೊನೆಯ ವರ್ಷಗಳ ಮಾತು. ನಾನು ಅವರನ್ನು ಮೊದಲು ಕಂಡಾಗ ಅವರಿಗೆ ಎಲ್ಲವೂ ಗೊತ್ತಿತ್ತು.

ಅವರ ತಲೆಗೆ ಹತ್ತಿದ್ದ ಹುಚ್ಚು ಒಂದೇ. ಎಪ್ಪತ್ತು ವರ್ಷದ ಹಿಂದಿನ ಒಂದು ಖೂನಿ.

ಅದು ಹತ್ತಿದ್ದು ದೇವಣಗಾಂವದಲ್ಲಿ. ನೌಕರಿಯ ಕೊನೆಯ ವರ್ಷ ಭೀಮಾ ಹೊಳೆಯ ದಡದ ಹೊಲವೊಂದರ ಅಳತೆಗೆ ಹೋಗಿದ್ದರಂತೆ. ಮಧ್ಯಾಹ್ನದ ಬಿಸಿಲು. ಹತ್ತಿರದ ಮನೆಯಿಂದ ಒಬ್ಬ ಮುದುಕಿ ತಂಬಿಗೆ ತುಂಬ ನೀರು ತಂದು ಕೊಟ್ಟಳು. ಅಳತೆಯ ಸರಪಳಿ ಹಿಡಿದಿದ್ದ ಆಳು ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಕುಡಿಬ್ಯಾಡ್ರಿ ಸರ್. ಅದು ಖೂನಿಯವರ ಮನಿ."

ಅವರು ನೀರು ಕುಡಿದು ಮುಗಿಸಿ ಕೇಳಿದರು. "ಯಾರ ಖೂನಿ?"

"ಯಾರೋ ಕಂಬಳಿ ಮಾರಾಂವಂದು."

"ಹೆಸರೇನು?"

"ಅದು ಯಾರಿಗೆ ಗೊತ್ತ್ರಿ? ನಮ್ಮ ಮುತ್ಯಾನ ಕಾಲದ್ದು."

ಇದನ್ನು ಅವರು ನನಗೆ ಕನಿಷ್ಠ ಇಪ್ಪತ್ತು ಸಲ ಹೇಳಿದ್ದಾರೆ. "ನೋಡು ತಮ್ಮಾ, ಸತ್ತಾಂವನ ಹೆಸರು ಊರಿಗೆ ಗೊತ್ತಿಲ್ಲ. ಕೊಂದಾಂವನ ಹೆಸರು ಮಾತ್ರ ಮೂರು ತಲಿಮಾರು ನೆನಪೈತಿ. ಇದೆಂಥಾ ಲೆಕ್ಕ?"

ಊರವರು ಹೇಳುವ ಕಥೆ ಇಷ್ಟು. ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ನಂತರದ ಮಾತು. ಚಡಚಣದ ಕಡೆಯ ಒಬ್ಬ ಕಂಬಳಿ ವ್ಯಾಪಾರಿ ತಟ್ಟುಕುದುರೆಯ ಮೇಲೆ ಹೊರೆ ಹೇರಿಕೊಂಡು ಸಿಂದಗಿಯ ಸಂತೆಗೆ ಬಂದ. ಸಂತೆ ಮುಗಿಸಿ ಊರ ಹಾದಿ ಹಿಡಿಯುವ ಬದಲು ದೇವಣಗಾಂವದ ಹೊಳೆಗೆ ಹೋದ. ಮರುದಿನ ಅವನ ತಟ್ಟು ಈ ದಡದಲ್ಲಿ ಮೇಯುತ್ತಿತ್ತು, ಮಾರದೆ ಉಳಿದ ಕಂಬಳಿಗಳು ಅದರ ಬೆನ್ನ ಮೇಲೇ ಇದ್ದವು, ವ್ಯಾಪಾರಿ ಇರಲಿಲ್ಲ. ಹರಿಗೋಲು ನಡೆಸುತ್ತಿದ್ದ ಅಂಬಿಗನನ್ನು ಕೇಳಿದರು. "ಆ ದಂಡಿಗೆ ಬಿಟ್ಟೇನಿ, ಇಳದು ಹ್ವಾದ" ಅಂದ. ತಟ್ಟು, ಸರಕು ಎಲ್ಲ ಬಿಟ್ಟು ಯಾವ ವ್ಯಾಪಾರಿ ಬರಿಗೈಯಲ್ಲಿ ಹೊಳೆ ದಾಟುತ್ತಾನೆ? ಯಾರೂ ನಂಬಲಿಲ್ಲ. ಅಂಬಿಗನನ್ನು ಹಿಡಿದರು. ಆಚೆ ದಡ ಆಗ ಬೇರೆ ರಾಜ್ಯ. ಪ್ರಕರಣ ನಮ್ಮದಲ್ಲವೆಂದು ಈ ದಡದ ಪೊಲೀಸರು, ನಮ್ಮದಲ್ಲವೆಂದು ಆ ದಡದವರು. ಹೆಣ ಸಿಗಲಿಲ್ಲ. ಕೆಲವು ದಿನ ಕೂಡಿಹಾಕಿ ಅಂಬಿಗನನ್ನು ಬಿಟ್ಟುಬಿಟ್ಟರು. ಕಾನೂನು ಬಿಟ್ಟಿತು, ಊರು ಬಿಡಲಿಲ್ಲ. ಅವನ ಹರಿಗೋಲು ಹತ್ತುವವರಿಲ್ಲದೆ ಐದಾರು ವರ್ಷದಲ್ಲಿ ಅಂಬಿಗ ತೀರಿಕೊಂಡ. ನೀರು ತಂದುಕೊಟ್ಟ ಮುದುಕಿ ಗಂಗವ್ವ ಅವನ ಮಗಳು. ಅಪ್ಪನನ್ನು ಕರೆದೊಯ್ದಾಗ ಅವಳಿನ್ನೂ ಸಣ್ಣ ಹುಡುಗಿ.

ನಿವೃತ್ತರಾದ ಮರುವಾರವೇ ಮೋಜಣಿ ಸರ್ ಒಂದು ಉದ್ದನೆಯ ರಿಜಿಸ್ಟರ್ ಕೊಂಡರು. ಎಡಗಡೆಯ ಪುಟದ ತಲೆಗೆ 'ಕಂಡದ್ದು, ಕೇಳಿದ್ದು' ಎಂದು, ಬಲಗಡೆಯ ಪುಟದ ತಲೆಗೆ 'ಅನಿಸಿದ್ದು' ಎಂದು ಬರೆದರು. ಆಮೇಲೆ ಹಳೆಯ ಮುದುಕರನ್ನು ಹುಡುಕಿಕೊಂಡು ತಿರುಗಾಟ ಶುರುವಾಯಿತು. ಬೆಳಗ್ಗೆ ಇಂಡಿ ಬಸ್ಸು, ಸಂಜೆ ವಾಪಸ್ಸು. ಮರುದಿನ ಚಡಚಣ. ಅವರ ಹೆಂಡತಿ ಒಮ್ಮೆ ನನ್ನೆದುರಿಗೇ ಅಂದರು, "ಇವರು ಬದುಕಿದ್ದವರ ಮದವಿಗೆ ಹೋಗೂದಿಲ್ಲ ನೋಡ್ರಿ. ಸತ್ತಾಂವಂದಾದ್ರ ಮೂರು ಬಸ್ ಬದಲಿ ಮಾಡ್ತಾರ."

ಅವರು ಸಂಗ್ರಹಿಸಿದ ಮಾತುಗಳಲ್ಲಿ ತಟ್ಟಿನ ಬಣ್ಣ ಒಬ್ಬರ ಬಾಯಲ್ಲಿ ಬಿಳಿ, ಒಬ್ಬರ ಬಾಯಲ್ಲಿ ಕಪ್ಪು, ಇನ್ನೊಬ್ಬರದ್ದು ಕಂದು, ಮತ್ತೊಬ್ಬರದ್ದು ಮಚ್ಚೆಯದು. "ಒಂದ ತಟ್ಟು, ನಾಕ ಬಣ್ಣ. ಅಂದ್ರ ಇವರ್ಯಾರೂ ನೋಡಿಲ್ಲ, ಕೇಳ್ಯಾರ. ಕೇಳಿದಾಂವ ಬಣ್ಣ ಹಚ್ಚಿ ಹೇಳತಾನ" ಎಂದು ನಗುತ್ತಿದ್ದರು. ಬೇರೆಯವರು ಹಚ್ಚಿದ ಬಣ್ಣ ಅವರಿಗೆ ಬೇಗ ಕಾಣುತ್ತಿತ್ತು. ತಾವು ಹಚ್ಚಿದ್ದು ಕಾಣಲಿಲ್ಲ. ನನಗೂ ಕಾಣಲಿಲ್ಲ.

ತಿರುಗಾಟದಲ್ಲಿ ಕೊನೆಗೆ ವ್ಯಾಪಾರಿಯ ಹೆಸರು ಸಿಕ್ಕಿದ್ದು ಇಂಡಿಯಲ್ಲಿ. ಅಲ್ಲಿ ಅವನಿಗೆ ಒಬ್ಬ ಪಾಲುದಾರ ಇದ್ದ. ಇಬ್ಬರೂ ಸೇರಿ ಕಂಬಳಿ ಅಂಗಡಿ ನಡೆಸುತ್ತಿದ್ದರು. ವ್ಯಾಪಾರಿ ಕಾಣೆಯಾದಾಗ ಈ ಪಾಲುದಾರ ಮೊದಮೊದಲು ಊರೂರು ಹುಡುಕಿದ, ಆಮೇಲೆ ಒಮ್ಮೆಲೇ ಹುಡುಕುವುದನ್ನು ನಿಲ್ಲಿಸಿದ. ಜೀವಮಾನದಲ್ಲಿ ಪಂಢರಪುರದ ಕಡೆ ಮುಖ ಹಾಕದವನು ಮರುವರ್ಷ ಯಾರಿಗೂ ಹೇಳದೆ ಒಬ್ಬನೇ ಪಂಢರಪುರಕ್ಕೆ ಹೋಗಿ ಬಂದ. ಬಂದವನು ಗೆಳೆಯನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ. ಇಷ್ಟು ಎಡಗಡೆಯ ಪುಟದಲ್ಲಿತ್ತು. ಬಲಗಡೆಯ ಪುಟದಲ್ಲಿ ಸರ್ ಬರೆದಿದ್ದರು: 'ಪಾಪ ತೊಳೆದುಕೊಳ್ಳಲು ಹೋದ. ಇವನೇ.'

ಅದನ್ನು ನನಗೆ ಓದಿ ಹೇಳಿದ ದಿನ ಅವರು ಕೊನೆಯ ಪದದ ಕೆಳಗೆ ಎರಡು ಗೆರೆ ಎಳೆದರು. ನನಗೂ ಸಂತೋಷವಾಯಿತು. ಅಂಬಿಗನ ಮನೆಯವರು ತಲೆಯೆತ್ತಿ ಓಡಾಡಬಹುದು ಎಂಬ ಸಂತೋಷ ಖರೆ. ಭಾನುವಾರದ ಪುಟಕ್ಕೆ ಒಳ್ಳೆಯ ಸರಕು ಸಿಕ್ಕಿತು ಎಂಬ ಸಂತೋಷವೂ ಖರೆ. ನಾನು ಬರೆದೆ. ಪಾಲುದಾರನ ಹೆಸರು ಹಾಕಲಿಲ್ಲ, ಆದರೆ ಇಂಡಿಯಲ್ಲಿ ಆ ಕಾಲಕ್ಕೆ ಕಂಬಳಿ ಅಂಗಡಿ ಇದ್ದದ್ದು ಒಂದೇ.

ಮೂರನೆಯ ದಿನ ಒಬ್ಬ ಹೆಂಗಸು ಸಿಂದಗಿಗೆ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ನೇರ ಬೆನ್ನು, ಇಳಕಲ್ಲ ಸೀರೆ. ಇಂಡಿಯಲ್ಲಿ ಕನ್ನಡ ಸಾಲಿಯ ಶಿಕ್ಷಕಿಯಾಗಿದ್ದು ನಿವೃತ್ತರಾದವರು. ಎಲ್ಲರ ಬಾಯಲ್ಲಿ ಅಕ್ಕೋರು. ಪಾಲುದಾರನ ಮೊಮ್ಮಗಳು. ಚಹಾದಂಗಡಿಯಲ್ಲಿ ನಾವಿಬ್ಬರೂ ಕೂತಿದ್ದೆವು. ಪತ್ರಿಕೆಯನ್ನು ಬೆಂಚಿನ ಮೇಲಿಟ್ಟು ನಿಂತೇ ಮಾತಾಡಿದರು.

"ಇದನ್ನ ಬರದವರು ಯಾರ್ರಿ?"

"ನಾನ್ರಿ" ಅಂದೆ.

"ಹೇಳಿದವರು?"

"ನಾನು" ಅಂದರು ಸರ್.

"ನಮ್ಮ ಮುತ್ಯಾನ ನೀವು ನೋಡೀರೇನು?"

"ಇಲ್ರಿ."

"ನಾ ಅವನ ತೊಡಿ ಮ್ಯಾಲ ಬೆಳದಾಕಿ. ಅಂವ ಒಂದು ಇರುವಿ ತುಳದ್ರ ಶಿವಾ ಅಂತಿದ್ದ. ಅದೂ ಪುರಾವೆ ಅಲ್ಲ ಬಿಡ್ರಿ, ಮೊಮ್ಮಗಳ ಮಾತು. ಆದ್ರ ನಿಮ್ಮ ಹತ್ರಾದ್ರೂ ಏನೈತಿ? ಒಂದು ಮನಿ ಮ್ಯಾಗಿನ ಕಲ್ಲು ತಗದು ಇನ್ನೊಂದು ಮನಿ ಮ್ಯಾಲ ಇಟ್ರಿ. ನಿನ್ನೆ ನನ್ನ ಮೊಮ್ಮಗ ಸಾಲಿಯಿಂದ ಅಳಕೋಂತ ಬಂದಾನ." ಅವರ ದನಿ ಏರಲಿಲ್ಲ. ಚಹಾ ಬೇಡವೆಂದು ಹೇಳಿ ಮುಂದಿನ ಬಸ್ಸಿಗೆ ಹೊರಟುಹೋದರು.

ಸರ್ ಬೆಂಚಿನ ಮೇಲಿದ್ದ ಪತ್ರಿಕೆಯನ್ನು ಮಡಚಿದರು. ಆಮೇಲೆ ಅಂದರು, "ತಮ್ಮಾ, ನೀನು ಬಲಗಡಿ ಪುಟ ಅಚ್ಚ ಹಾಕಿಸಿದಿ. ಆದ್ರ ಅದನ್ನ ನಿನ್ನ ಕೈಯಾಗ ಕೊಟ್ಟಾಂವ ನಾನು." ನೌಕರಿಯಲ್ಲಿದ್ದಾಗ ಹೊಲದ ಬಾಂದುಕಲ್ಲು ಕಿತ್ತುಹೋಗಿದ್ದರೆ ನಕ್ಷೆಯಲ್ಲಿ 'ಕಲ್ಲು ಸಿಗಲಿಲ್ಲ' ಎಂದು ಬರೆಯುತ್ತಿದ್ದರಂತೆ. ಇಲ್ಲೇ ಇದ್ದೀತು ಎಂದು ಹೊಸ ಕಲ್ಲು ನೆಟ್ಟರೆ ಎರಡು ಮನೆತನಗಳು ಬಡಿದಾಡುತ್ತವೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವರು ಅವರೇ. "ಮೂವತ್ತು ವರ್ಷ ನೆಲದ ಮ್ಯಾಲ ಮಾಡದ ತಪ್ಪು, ಮನಷಾರ ಮ್ಯಾಲ ಮಾಡಿದೆ" ಅಂದರು.

ಮರುದಿನ ನಾವಿಬ್ಬರೂ ಇಂಡಿಗೆ ಹೋದೆವು. ನಮ್ಮ ಬರಹ ಊಹೆಯೆಂದೂ ಅದಕ್ಕೆ ಆಧಾರವಿಲ್ಲವೆಂದೂ ನಾನು ಪತ್ರಿಕೆಗೆ ತಿದ್ದುಪಡಿ ಬರೆದಿದ್ದೆ. ಸರ್ ಅದನ್ನು ಅಕ್ಕೋರ ಕೈಗೆ ಕೊಟ್ಟು, ಹೊಸ್ತಿಲ ಹೊರಗೇ ಕೈಮುಗಿದು ನಿಂತರು. "ತಪ್ಪಾತ್ರಿ. ಇದನ್ನ ಸಾಲಿ ಗೋಡಿಗಿ ಹಚ್ಚಂದ್ರೂ ಹಚ್ಚತೇನಿ."

ಅಕ್ಕೋರು ಅದನ್ನು ಪೂರ್ತಿ ಓದಿದರು. ಒಂದು ಕಾಗುಣಿತದ ತಪ್ಪು ಕಂಡು ಪೆನ್ನಿನಿಂದ ತಿದ್ದಿದರು. ಆಮೇಲೆ "ಒಳಗ ಬರ್ರಿ" ಅಂದರು.

ಆ ದಿನ ಅವರು ಒಳಗಿನ ಕೋಣೆಯಿಂದ ಒಂದು ಟ್ರಂಕು ತರಿಸಿ ಮುತ್ಯಾನ ಕಾಗದಗಳನ್ನು ನಮ್ಮ ಮುಂದೆ ಇಟ್ಟರು. "ಇದನ್ನ ಓದಾಕ ನಮ್ಮ ಮನ್ಯಾಗ ಯಾರಿಗೂ ಬರೂದಿಲ್ಲ. ನಿಮಗ ಅಷ್ಟು ತಿಳಕೊಳ್ಳೂದಿದ್ರ ಇದನ್ನ ಓದ್ರಿ. ಏನ ಇರಲಿ, ಇದ್ದದ್ದ ಹೇಳ್ರಿ. ಇಲ್ಲದ್ದ ಮಾತ್ರ ಹೇಳಬ್ಯಾಡ್ರಿ."

ಕಾಗದಗಳೆಲ್ಲ ಮೋಡಿ ಲಿಪಿಯಲ್ಲಿದ್ದವು. ನಮ್ಮ ಭಾಗದ ಹಳೆಯ ವ್ಯಾಪಾರಿಗಳು ಮರಾಠಿಯನ್ನು ಬರೆಯುತ್ತಿದ್ದದ್ದು ಅದರಲ್ಲಿ. ಪೆನ್ನು ಎತ್ತದೆ ಒಂದಕ್ಕೊಂದು ಹೆಣೆದ ಅಕ್ಷರ, ಪದಗಳ ನಡುವೆ ಜಾಗವಿಲ್ಲ. ಹಳೆಯ ಹೊಲದ ದಾಖಲೆಗಳಲ್ಲಿ ಸರ್ ಅದನ್ನು ಎಷ್ಟೋ ಸಲ ಕಂಡಿದ್ದರು, ಓದಲು ಕಲಿತಿರಲಿಲ್ಲ. ಓದುವವರೊಬ್ಬರು ಮುದ್ದೇಬಿಹಾಳದಲ್ಲಿದ್ದಾರೆ ಎಂದು ತಿಳಿಯಿತು. ತೊಂಬತ್ತರ ಸಮೀಪದ ಅಜ್ಜ, ಹಿಂದೆ ಊರ ಲೆಕ್ಕಪತ್ರ ಬರೆಯುತ್ತಿದ್ದವರು. ನಾನು ಫೋಟೋ ತೆಗೆದು ಕಳಿಸಿ ಓದಿಸೋಣ ಅಂದೆ. ಸರ್ ಒಪ್ಪಲಿಲ್ಲ. "ಇನ್ನೊಬ್ಬರು ಓದಿದ್ದನ್ನ ನಂಬಿದ್ರ ಮತ್ತ ಕೇಳಿದ್ದ ಆತು. ನಾನ ಕಲೀತೇನಿ."

ಅರವತ್ತೈದು ದಾಟಿದ ಮನುಷ್ಯ ವಾರಕ್ಕೆರಡು ದಿನ ಪಾಟಿ ಹಿಡಿದು ಮುದ್ದೇಬಿಹಾಳಕ್ಕೆ ಹೋದರು. ಒಮ್ಮೆ ನಾನೂ ಜೊತೆಗಿದ್ದೆ. ಅಜ್ಜ ಬಹಳ ಕಟ್ಟುನಿಟ್ಟು. "ಕೈ ಎತ್ತಿದ್ರಿ ನೋಡ್ರಿ. ಮತ್ತ ಬರೀರಿ" ಅನ್ನುವರು. ಇವರು ಅಳಿಸಿ ಮತ್ತೆ ಬರೆಯುವರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಧೂಳಿನ ಮೇಲೆ ಬೆರಳಿನಿಂದ ತಿದ್ದುವರು. ಒಂದು ಮಳೆಗಾಲ, ಒಂದು ಚಳಿಗಾಲ ಹೀಗೇ ಕಳೆಯಿತು. ತೊಗರಿ ರಾಶಿಯ ಹೊತ್ತಿಗೆ ಅವರು ತಡವರಿಸುತ್ತ ಓದತೊಡಗಿದರು.

ಟ್ರಂಕಿನಲ್ಲಿದ್ದದ್ದು ಹೆಚ್ಚಾಗಿ ಅಂಗಡಿಯ ಚೀಟಿಗಳು. ಅವುಗಳ ನಡುವೆ ಎರಡು ಮಡಿಕೆಯ ಒಂದು ಕಾಗದ. ಬರೆದವನ ಹೆಸರು ಓದಿದ ದಿನ ಸರ್ ನನ್ನ ಮನೆಗೆ ನಡೆದೇ ಬಂದರು. ಬಾಗಿಲಲ್ಲಿ ನಿಂತು, "ತಮ್ಮಾ, ಅಂವ ಸತ್ತಿರಲಿಲ್ಲ" ಅಂದರು.

ಕಾಗದ ಬರೆದವನು ಆ ಕಂಬಳಿ ವ್ಯಾಪಾರಿಯೇ. ಮೇಲೆ ಹಾಕಿದ ಶಕ ವರ್ಷ, ತಿಥಿ ಲೆಕ್ಕ ಹಾಕಿದರೆ ಕಾಣೆಯಾದ ಮರುವರ್ಷದ್ದು. ಅಂಗಡಿಯ ಹಳೆಯ ಚೀಟಿಗಳಲ್ಲಿದ್ದ ಅವನ ಕೈಬರಹಕ್ಕೂ ಇದಕ್ಕೂ ತಾಳೆಯಾಗುತ್ತಿತ್ತು. ಪಂಢರಪುರದ ಒಂದು ಮಠದಲ್ಲಿ ಯಾತ್ರಿಕರಿಗೆ ನೀರು ಹೊತ್ತು ಹಾಕುತ್ತ ಇದ್ದೇನೆಂದು ಬರೆದಿದ್ದ. ಹೆಂಡತಿ ತೀರಿದ ಮೇಲೆ ಮನಸ್ಸು ಎಲ್ಲಿಯೂ ನಿಲ್ಲಲಿಲ್ಲ, ನಾನು ಇಲ್ಲಿರುವುದನ್ನು ಊರಲ್ಲಿ ಯಾರಿಗೂ ಹೇಳಬೇಡ, ಒಮ್ಮೆ ಬಂದು ಹೋಗು ಎಂದಿದ್ದ. ಪಾಲುದಾರ ಒಬ್ಬನೇ ಪಂಢರಪುರಕ್ಕೆ ಹೋದದ್ದು ಏಕೆಂದು ಆಗ ನಮಗೆ ಹೊಳೆಯಿತು. ಬದುಕಿದ್ದ ಗೆಳೆಯನನ್ನು ನೋಡಲು ಹೋದವನನ್ನು ನಾವು ಪಾಪ ತೊಳೆಯಲು ಕಳಿಸಿದ್ದೆವು.

ಆದರೆ ಅಂಬಿಗನ ವಿಷಯದ ಸಾಲಿನಲ್ಲಿ ಒಂದು ತೊಡಕಿತ್ತು. ಕಾಗದದ ಮಡಿಕೆ ಸರಿಯಾಗಿ ಒಂದು ಅಕ್ಷರದ ಮೇಲೆ ಬಂದು ಮಸಿ ಹರಡಿತ್ತು, ಕೆಳಗಿನ ಎರಡು ಸಾಲೂ ಮಸುಕಾಗಿದ್ದವು. ಆ ಪದ ಮಾರಿಲೆ ಇರಬಹುದು, ತಾರಿಲೆ ಇರಬಹುದು. ಮಾರಿಲೆ ಎಂದರೆ ಅಂಬಿಗ ಹೊಡೆದ. ತಾರಿಲೆ ಎಂದರೆ ದಾಟಿಸಿದ. ನಾನು "ತಾರಿಲೇನ ಇರಬೇಕು ಸರ್, ಬರೀತೇನಿ" ಅಂದೆ. ಅವರು ಚಸ್ಮಾ ತೆಗೆದು ಒರೆಸಿದರು. "ನಿನಗ ಹಂಗ ಬೇಕಾಗೇತಿ, ನನಗೂ ಬೇಕಾಗೇತಿ. ಹೋದ ಸಲಾನೂ ನಮಗ ಬೇಕಾಗಿದ್ದನ್ನ ಓದಿದ್ವಿ." ಹದಿನೈದು ದಿನ ಕಾಯಿಸಿದರು. ಭೂತಗನ್ನಡಿ ಹಿಡಿದು ಆ ವ್ಯಾಪಾರಿ ಬೇರೆ ಚೀಟಿಗಳಲ್ಲಿ ಆ ಎರಡು ಅಕ್ಷರಗಳನ್ನು ಹೇಗೆ ಬರೆಯುತ್ತಿದ್ದ ಎಂದು ಸಾಲು ಸಾಲು ನೋಡಿದರು. ಮುದ್ದೇಬಿಹಾಳಕ್ಕೆ ಒಯ್ದು ಅಜ್ಜನ ಮುಂದಿಟ್ಟರು, ತಮ್ಮ ಓದು ಏನೆಂದು ಹೇಳದೆ. ಅಜ್ಜ ಬೆಳಕಿಗೆ ಹಿಡಿದು ನೋಡಿ, "ತಾರಿಲೆ. ಯಾಕ, ನಿಮಗ ಇನ್ನೂ ತ ಬರೂದಿಲ್ಲೇನು?" ಎಂದು ಬೈದರು. ಆ ಬೈಗುಳವನ್ನು ಸರ್ ಎಷ್ಟು ಖುಷಿಯಿಂದ ಹೇಳಿಕೊಂಡರೆಂದರೆ, ಚಹಾದಂಗಡಿಯವನು ಯಾರದೋ ಮದುವೆ ಗೊತ್ತಾಯಿತು ಅಂದುಕೊಂಡ.

ಮಸುಕಾಗಿದ್ದ ಆ ಎರಡು ಸಾಲನ್ನೂ ಸರ್ ಅವತ್ತೇ ಅಜ್ಜನ ಜೊತೆ ಕೂತು ಓದಿದ್ದರು. 'ಹೊಳೆ ದಾಟಿಸಿದ ಅಂಬಿಗನು ನಾನು ಹಸಿದಿದ್ದೇನೆಂದು ಕಂಡು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟನು. ಆ ಕಡೆ ಹೋದರೆ ಅವನಿಗೆ ಮಾತ್ರ, ನಾನು ಕುಶಲವೆಂದು ಹೇಳು.'

ಪಾಲುದಾರ ಹೇಳಿರಲಿಲ್ಲ. ಗೆಳೆಯನ ಒಂದು ಮಾತು ಉಳಿಸಿದ, ಇನ್ನೊಂದು ಬಿಟ್ಟ. ಆ ಕಾಗದ ಬಂದ ಮೇಲೂ ಅಂಬಿಗ ನಾಲ್ಕೈದು ವರ್ಷ ಬದುಕಿದ್ದ.

ಇದನ್ನು ಅಕ್ಕೋರಿಗೆ ಹೇಗೆ ಹೇಳುವುದೆಂದು ನನಗೆ ಅಳುಕು. ಸರ್ ಇಂಡಿಗೆ ಹೋಗಿ ಕಾಗದವನ್ನು ಅಕ್ಷರಕ್ಕೆ ಅಕ್ಷರ ಓದಿ, ಕನ್ನಡದಲ್ಲಿ ಹೇಳಿದರು. ಅಕ್ಕೋರು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿದರು. "ನಮ್ಮ ಮುತ್ಯಾ ಯಾಕ ಹೇಳಲಿಲ್ರಿ?"

"ಗೊತ್ತಿಲ್ರಿ" ಅಂದರು ಸರ್.

"ಅಂಜಿಕಿಗೋ? ಆಣಿ ಇಟ್ಟಿದ್ನೋ?"

"ಕಾಗದದಾಗ ಇಲ್ರಿ ಅಕ್ಕೋರ. ನನಗ ಗೊತ್ತಿಲ್ಲ."

ಆ ಸಲ ಅವರು ಹಾಗೆ ಅಂದದ್ದು ಅಕ್ಕೋರಿಗೆ ಎಷ್ಟು ದೊಡ್ಡ ಉಪಕಾರವಾಯಿತೆಂದು ನನಗೆ ಅವರ ಮುಖ ನೋಡಿ ತಿಳಿಯಿತು. ಕಣ್ಣು ಒರೆಸಿಕೊಂಡರು. "ಅಂವ ಖೂನಿ ಮಾಡಿಲ್ಲ ಅಂತ ನನಗ ಮೊದಲ ಗೊತ್ತಿತ್ತು. ಇದು ಗೊತ್ತಿರಲಿಲ್ಲ" ಅಂದರು. ಕಾಗದವನ್ನು ಮತ್ತೆ ಟ್ರಂಕಿನಲ್ಲಿ ಇಟ್ಟುಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಪತ್ರಿಕೆಯಲ್ಲಿ ತಿದ್ದುಪಡಿ ಬಂದಾಗಿತ್ತು, ಅವರ ಮನೆಯ ಮಾನ ಅವರಿಗೆ ತಿರುಗಿ ಸಿಕ್ಕಿತ್ತು. ಅವರು ಅದನ್ನು ಟ್ರಂಕಿನಲ್ಲಿ ಇಡಲಿಲ್ಲ, ತಮ್ಮ ಕೈಚೀಲದಲ್ಲಿಟ್ಟರು. "ದೇವಣಗಾಂವಕ್ಕ ನಾನ ಬರ್ತೇನಿ. ಮುತ್ಯಾಗ ಹೇಳಂದಿದ್ದು. ಅಂವ ಹೇಳಲಿಲ್ಲಂದ್ರ ನಾ ಹೇಳಬೇಕಲ್ಲ."

ಒಂದು ಸೋಮವಾರ ಬೆಳಗ್ಗೆ ಮೂವರೂ ಬಾಡಿಗೆ ಕಾರಿನಲ್ಲಿ ಹೋದೆವು. ಗಂಗವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾರು ಬಂದದ್ದು ನೋಡಿ ಓಣಿಯ ಹೆಂಗಸರು ನಾಲ್ಕಾರು ಮಂದಿ ದೂರದಲ್ಲಿ ನಿಂತರು. ಅಕ್ಕೋರು ಗಂಗವ್ವನ ಎದುರಿಗೆ ನೆಲದ ಮೇಲೆ ಕೂತು, ತಾವು ಯಾರು, ಯಾರ ಮೊಮ್ಮಗಳು ಎಂದು ಹೇಳಿದರು. "ನಿಮ್ಮಪ್ಪಗ ಒಂದು ಮಾತು ಹೇಳ್ರಿ ಅಂತ ನಮ್ಮ ಮುತ್ಯಾಗ ಕಾಗದ ಬಂದಿತ್ತು ಯವ್ವಾ. ಅಂವ ಹೇಳಲಿಲ್ಲ. ತಡಾ ಆಗೇತಿ. ಹೇಳಾಕ ಬಂದೇನಿ."

ಸರ್ ಕಾಗದ ಓದಿದರು. ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ. ಗಂಗವ್ವನ ಕೈ ಮೊರದ ಮೇಲೆ ಹಾಗೇ ನಿಂತಿತ್ತು.

"ಆ ರೊಟ್ಟಿದು ಮತ್ತೊಮ್ಮಿ ಓದ್ರಿ."

ಓದಿದರು. ಮತ್ತೆ ಕೇಳಿದಳು, ಮತ್ತೆ ಓದಿದರು.

"ರೊಟ್ಟಿ ಕೂಡ ಏನ ಕೊಟ್ಟಿದ್ದನಂತ?"

ಸರ್ ಚಸ್ಮಾ ತೆಗೆದರು. ಆ ಮುಖದ ಮುಂದೆ ಏನಾದರೊಂದು ಹೇಳಿಬಿಡಬೇಕೆಂದು ನನಗಂತೂ ಅನಿಸಿತ್ತು. "ಬರದಿಲ್ಲವ್ವ" ಅಂದರು.

"ಶೇಂಗಾ ಹಿಂಡಿ ಇರ್ತಿತ್ತು. ನಮ್ಮವ್ವ ಖಾರ ಹಾಕಿ ಕುಟ್ಟಿದ್ದನ್ನ ಕಟ್ಟತಿದ್ಲು. ಬ್ಯಾರೆ ಏನೂ ಇರ್ತಿದ್ದಿಲ್ಲ." ಅಷ್ಟು ಹೇಳಿ ಅವಳು ಸ್ವಲ್ಪ ಹೊತ್ತು ಅತ್ತಳು. ಅಕ್ಕೋರು ಅವಳ ಮೊಣಕಾಲ ಮೇಲೆ ಕೈಯಿಟ್ಟರು.

ಆಮೇಲೆ ಗಂಗವ್ವ ಮೊರ ಬದಿಗಿಟ್ಟು, ನೆಲಕ್ಕೆ ಕೈಯೂರಿ ಎದ್ದಳು. ಅಂಗಳದ ತುದಿಗೆ ಹೋಗಿ ದೂರ ನಿಂತಿದ್ದ ಹೆಂಗಸರ ಕಡೆ ತಿರುಗಿದಳು.

"ಅಲ್ಯಾಕ ನಿಂತೀರಿ? ಒಳಗ ಬರ್ರಿ" ಅಂದಳು. "ನಮ್ಮಪ್ಪನ ಸುದ್ದಿ ಬಂದೈತಿ."

ಅವರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಒಬ್ಬಾಕೆ, ಅವಳ ಹಿಂದೆ ಉಳಿದವರು, ಅಂಗಳ ದಾಟಿ ಒಳಗೆ ಬಂದು ಕೂತರು. ಮೋಜಣಿ ಸರ್ ಕಾಗದವನ್ನು ಮತ್ತೆ ಬಿಚ್ಚಿ, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಮೊದಲಿನಿಂದ ಓದತೊಡಗಿದರು.